ಮೂವತ್ತು ಗುಳಿಗೆಗಳ ಗುಣಗಾನ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಹಿರಿಯ ಕಿರಿಯ ವೈದ್ಯರೇ, ದಾದಿಯರೇ, ಔಷಧ ವಿಭಾಗದ ನನ್ನ ಸಹೋದ್ಯೋಗಿಗಳೇ, ಊಟದ ಹೊತ್ತಾದರೂ ಕದಲದೆ ಕುಳಿತಿರುವ ಸಭಿಕರೇ,

ನಮ್ಮ ಆಸ್ಪತ್ರೆಗೆ ಕಂಪ್ಯೂಟರ್ ದಾಖಲೆ ಬಂದು ಐದು ವರ್ಷ ತುಂಬಿದ ಈ ಸಂಭ್ರಮದಲ್ಲಿ, ಔಷಧದ ಕಿಟಕಿಯ ಹಿಂದೆ ‘ಒಂದೂ ತಪ್ಪಿಲ್ಲದೆ’ ದುಡಿದವಳೆಂದು ನನಗೆ ಫಲಕ ಕೊಟ್ಟಿದ್ದೀರಿ. ಸಂತೋಷ.

ಕಂಪ್ಯೂಟರಿಗೂ ಮೊದಲು ವೈದ್ಯರ ಅಕ್ಷರ ದೇವರಿಗೆ ಮತ್ತು ನನಗೆ ಮಾತ್ರ ಅರ್ಥವಾಗುತ್ತಿತ್ತು. ಕೆಲವೊಮ್ಮೆ ದೇವರಿಗೂ ನಾನೇ ಓದಿ ಹೇಳಬೇಕಿತ್ತು. ಈಗ ನೋಡಿ. ಅಫೀಮಿನ ವಂಶದ ಆ ಬಲವಾದ ನೋವಿನ ಗುಳಿಗೆಯ ಹೆಸರು ಒತ್ತಿದರೆ ಸಾಕು, ಪಕ್ಕದ ಚೌಕದಲ್ಲಿ ಮೂವತ್ತು ಎಂಬ ಅಂಕಿ ತಾನಾಗಿ ಬಂದು ಕೂರುತ್ತದೆ. ಹಲ್ಲು ಕಿತ್ತರೆ ಮೂವತ್ತು. ಬೆರಳು ಮುರಿದರೆ ಮೂವತ್ತು. ಹೊಟ್ಟೆ ಕೊಯ್ದರೂ ಮೂವತ್ತು. ಇಂಥ ಸಮಾನತೆಯನ್ನು ಯಾವ ಸಂವಿಧಾನ ತಂದೀತು? ಅಂಕಿ ಬದಲಿಸಲು ಅವಕಾಶವಿಲ್ಲವೆ? ಖಂಡಿತ ಇದೆ. ಒಂದು ಬೆರಳು ಬೇಕು, ಅಷ್ಟೆ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಆ ಬೆರಳನ್ನು ಎಲ್ಲಿಂದ ತರುವುದು?

ಈ ಮೂವತ್ತು ಎಲ್ಲಿಂದ ಬಂತೆಂದು ಕಂಪ್ಯೂಟರ್ ವಿಭಾಗದವರನ್ನು ಕೇಳಿದ್ದೆ. “ಡಬ್ಬಿಗೆ ಮೂವತ್ತು ಬರ್ತವಲ್ಲ ಮೇಡಂ, ಅದಕ್ಕೆ,” ಎಂದರು. ವೈದ್ಯಶಾಸ್ತ್ರದ ತಳಹದಿ ಒಂದು ಡಬ್ಬಿ ಎಂದು ಅಂದು ತಿಳಿಯಿತು.

ಮಾತು ಎಲ್ಲಿಗೋ ಹೋಗುತ್ತಿದೆ, ಕ್ಷಮಿಸಿ. ನನಗೊಬ್ಬ ತಮ್ಮನಿದ್ದಾನೆ. ಬಸ್ ಓಡಿಸುತ್ತಿದ್ದ. ಭುಜದ ಮೂಳೆ ಮುರಿದುಕೊಂಡು ಇಲ್ಲಿಗೇ ಬಂದ. ಅವನ ಚೀಟಿ ನನ್ನ ಕಿಟಕಿಗೇ ಬಂತು. ಮೂವತ್ತು. ತಡೆಯಲಾರದ ನೋವಿದ್ದದ್ದು ನಾಲ್ಕೈದು ದಿನ. “ಇದು ಬರೀ ಭುಜಕ್ಕಲ್ಲ ಕಣಕ್ಕಾ, ಎಲ್ಲಾದಕ್ಕೂ ಆಗುತ್ತೆ,” ಎಂದು ನಕ್ಕ. ನಾನೂ ನಕ್ಕೆ. ಎರಡನೆಯ ಸಲ ಬಂದ, ಮೂರನೆಯ ಸಲ ಬಂದ. ವೈದ್ಯರು ‘ಮತ್ತೆ ಕೊಡಿ’ ಎಂಬ ಗುಂಡಿ ಒತ್ತಿದರು, ನಾನು ಎಣಿಸಿ ಕೊಟ್ಟೆ. ಫೋನೆತ್ತಿ “ಇಷ್ಟು ಯಾಕೆ ಡಾಕ್ಟ್ರೇ?” ಎಂದು ಕೇಳುವುದು ನನ್ನ ಕೆಲಸವೇ. ಕೇಳಲಿಲ್ಲ. ಪರದೆಯ ಮೇಲೆ ಹಸಿರು ಗುರುತು ಬಂದಿತ್ತಲ್ಲ. ನಿಮ್ಮ ದಾಖಲೆಯಲ್ಲಿ ಅದೂ ‘ತಪ್ಪಿಲ್ಲ’ ಎಂದೇ ಇದೆ. ಅವನೀಗ ಬಸ್ ಓಡಿಸುವುದಿಲ್ಲ. ಆ ಗುಳಿಗೆ ಬಿಡಿಸುವ ಚಿಕಿತ್ಸೆ ಎರಡನೆಯ ಸಲ ನಡೆಯುತ್ತಿದೆ.

ಕಳೆದ ವರ್ಷ ಕಂಪ್ಯೂಟರಿನ ಔಷಧಪಟ್ಟಿಯ ಪರಿಷ್ಕರಣೆ ನನ್ನ ಮೇಜಿಗೆ ಬಂದಾಗ, ಆ ಗುಳಿಗೆಯ ಎದುರು ಎಂದಿನಂತೆ ‘ಬದಲಾವಣೆ ಇಲ್ಲ’ ಎಂದು ಬರೆಯುವ ಸಾಲಿನಲ್ಲಿ ‘ಮೂವತ್ತರ ಬದಲು ಹತ್ತು’ ಎಂದು ಬರೆದೆ. ಔಷಧ ಸಮಿತಿಯ ನಾಲ್ವರೂ ಎಂದಿನಂತೆ ಓದದೆ ಸಹಿ ಹಾಕಿದರು. ಆಮೇಲೆ ಹಲ್ಲಿಗೂ ಹತ್ತು, ಬೆರಳಿಗೂ ಹತ್ತು. ಇಪ್ಪತ್ತು ವರ್ಷ ಅನುಭವವಿರುವ ವೈದ್ಯರ ತೀರ್ಮಾನವೂ ಒಂದೇ ವಾರದಲ್ಲಿ ಮೂವತ್ತರಿಂದ ಹತ್ತಕ್ಕಿಳಿಯಿತು. ಹನ್ನೊಂದು ತಿಂಗಳು ಒಬ್ಬರಿಗೂ ಗೊತ್ತಾಗಲಿಲ್ಲ.

ಹೋದ ವಾರ ಗೊತ್ತಾಗಿದೆ. ವೈದ್ಯರ ಸ್ವಾತಂತ್ರ್ಯಕ್ಕೆ ಧಕ್ಕೆಯಾಯಿತೆಂದು ಸೋಮವಾರದಿಂದ ಮೂವತ್ತನ್ನೇ ಮರಳಿ ಕೂರಿಸುತ್ತಾರಂತೆ. ಆ ಸಾಲು ಬರೆದವರು ಯಾರೆಂದು ವಿಚಾರಣೆಯೂ ಇದೆಯಂತೆ. ಹುಡುಕುವ ಶ್ರಮ ಬೇಡ, ನಾನೇ.

ಇವತ್ತು ಬೆಳಿಗ್ಗೆ ತಮ್ಮ ಕೇಳಿದ, “ಏನು ಮಾತಾಡ್ತೀಯಕ್ಕಾ?”

“ಹತ್ತನ್ನೇ ಉಳಿಸಿ ಅಂತ ಬೇಡಿಕೊಳ್ತೀನಿ.”

“ಹತ್ತೂ ಬೇಡ. ಖಾಲಿ ಬಿಡೋಕೆ ಹೇಳು. ಎಷ್ಟು ಬರೀಬೇಕು ಅಂತ ಗೊತ್ತಾಗದೆ ಡಾಕ್ಟ್ರು ಒಂದ್ಸಲ ನನ್ನ ಮುಖ ನೋಡ್ತಿದ್ರೇನೋ.”

ಅಧ್ಯಕ್ಷರೇ, ನನ್ನ ಬೇಡಿಕೆಯೂ ಅಷ್ಟೆ. ಆಗದೆಂದರೆ ಬೇಡ. ವೈದ್ಯರೇ, ನನ್ನನ್ನು ಕೆಲಸದಿಂದ ತೆಗೆಯುವವರೆಗೂ, ಮೂವತ್ತು ಎಂದು ಬರುವ ಪ್ರತಿ ಚೀಟಿಗೂ ನಿಮಗೆ ಒಂದೊಂದು ಫೋನ್ ಬರುತ್ತದೆ. ದಯವಿಟ್ಟು ಎತ್ತಿಕೊಳ್ಳಿ.

ಇಷ್ಟು ಹೊತ್ತು ಸಹಿಸಿಕೊಂಡಿದ್ದಕ್ಕೆ ಎಲ್ಲರಿಗೂ ಧನ್ಯವಾದ. ನಮಸ್ಕಾರ.