ರುಚಿ ಸಾಹುಕಾರನ ಎರಡು ಕಡ್ಡಿಗಳು

ಇಷ್ಟು ಹೊತ್ತು ನಾಲಿಗೆಯ ವಿಚಾರ ಮಾತಾಡಿದೆವು. ಈಗ ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ, ಕೇಳಿ. ಹಿಂದೆ ಮಂಟಪದ ಕಂಬಕ್ಕೆ ಒರಗಿದವರೂ ಕೇಳಿ. ಮೊಬೈಲ್ ಒತ್ತುತ್ತಿರುವವರು ಎಲ್ಲರಿಗಿಂತ ಮೊದಲು ಕೇಳಿ, ಕಥೆ ನಿಮ್ಮದೇ.

ನಮ್ಮಂಥದ್ದೇ ಒಂದು ಊರು, ಆ ಊರಿಗೊಬ್ಬ ಟೈಲ್ಸ್ ಸಾಹುಕಾರ. ಊರಿನ ಹೆಸರು ಕೇಳಬೇಡಿ, ಅವನ ಬೀಗರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದರೂ ಕೂತಿರಬಹುದು. ಅವನಿಗೆ ಕುಡಿತ ಇಲ್ಲ, ಇಸ್ಪೀಟು ಇಲ್ಲ. ಒಳ್ಳೆಯ ಮನುಷ್ಯ ಅಂದುಕೊಂಡಿರಾ? ತಡೆಯಿರಿ. ಅವನ ಚಟ ನಾಲಿಗೆಯದು. ಅದೂ ನಮ್ಮ ನಿಮ್ಮಂತೆ ಮಿರ್ಚಿ ಮಂಡಕ್ಕಿಗೆ ಸೋಲುವ ಬಡ ನಾಲಿಗೆಯಲ್ಲ. ಅವನಿಗೆ ಜಪಾನಿನ ಊಟ ಬೇಕು, ಕೊರಿಯಾದ ಊಟ ಬೇಕು. ತಿಂಗಳಿಗೆ ಎರಡು ಸಲ ಕಾರು ಹತ್ತಿ ಬೆಂಗಳೂರಿಗೆ ಹೋಗಿ ಉಂಡು ಬರಬೇಕು. ಬಂದ ಮೇಲೆ ಉಂಡದ್ದನ್ನು ಮೊಬೈಲಿನಲ್ಲಿ ಊರಿಗೆಲ್ಲ ತೋರಿಸಬೇಕು.

ಮೀನು ಮಾಂಸ ಮುಟ್ಟುವ ಮನೆತನವಲ್ಲ ಅವನದು. ಹಾಗಾದರೆ ಆ ಹೋಟೆಲಿನಲ್ಲಿ ಏನು ತಿನ್ನುತ್ತಿದ್ದ? ನೋಡಿ, ಒಂದು ಮುಷ್ಟಿ ಅನ್ನ. ಅನ್ನದ ನಡುವೆ ಒಂದು ಬೆರಳು ಸೌತೆಕಾಯಿ. ಅದಕ್ಕೆ ಸುತ್ತ ಒಂದು ಕಪ್ಪು ಎಲೆ. ಇಷ್ಟು ತಿನ್ನಲು ಇನ್ನೂರ ಅರವತ್ತು ಕಿಲೋಮೀಟರು! ನಗಬೇಡಿ, ನಿಮ್ಮ ಪಾಳಿ ಆಮೇಲೆ ಬರುತ್ತದೆ.

ಅವನ ಮನೆಯಲ್ಲಿ ಒಬ್ಬ ತಾಯಿ ಇದ್ದಳು, ಅವನ ಹೆಂಡತಿ. ಇಪ್ಪತ್ತಾರು ವರ್ಷದಿಂದ ಮೂರು ಹೊತ್ತೂ ಬೇಯಿಸಿ ಬಡಿಸಿದವಳು. ಅವಳ ಎಣ್ಣೆಗಾಯಿ ಬದನೆಕಾಯಿ ತಿಂದವರು ತಟ್ಟೆಯನ್ನು ಬೆರಳಿನಿಂದ ಒರೆಸುತ್ತಿದ್ದರು. ಬೀಗರು ಹೊಗಳಿದ್ದರು, ಪಕ್ಕದ ಮನೆಯವರು ಹೊಗಳಿದ್ದರು, ಗ್ಯಾಸ್ ತರುವವನೂ ಮೂಗೆತ್ತಿ "ಏನಕ್ಕಾ ಇವತ್ತು, ಘಮ್ ಅಂತೈತಿ" ಎಂದಿದ್ದ. ಒಬ್ಬನೇ ಒಬ್ಬ ಹೊಗಳಿರಲಿಲ್ಲ. ಯಾರು? ಬಾಯಿ ಬಿಟ್ಟು ಹೇಳಬೇಕೇ?

ಆ ತಾಯಿಗೆ ಒಡವೆಯ ಆಸೆ ಇರಲಿಲ್ಲ, ಸೀರೆಯ ಆಸೆ ಇರಲಿಲ್ಲ. "ಚೆನ್ನಾಗಿದೆ" ಎಂಬ ಒಂದು ಮಾತಿಗೆ ಕಾದಿದ್ದಳು. ಬಡಿಸಿ, ಸೌಟು ಹಿಡಿದು, ಅವನ ಮುಖ ನೋಡುತ್ತ ನಿಲ್ಲುತ್ತಿದ್ದಳು. ಒಂದು ದಿನ ಮನಸ್ಸು ತಡೆಯದೆ ಕೇಳಿಯೂ ಬಿಟ್ಟಳು, "ಹೆಂಗೈತ್ರೀ?" ಅಂತ. ಅವನು ಏನಂದ ಗೊತ್ತೇ?

"ಮನೆ ಊಟಕ್ಕೆ ಹೇಳೋದೇನೈತೆ? ತಪ್ಪಿದ್ರೆ ಹೇಳ್ತೀನಿ. ಸುಮ್ನಿದ್ದೀನಿ ಅಂದ್ರೆ ಸರಿ ಐತೆ ಅಂತ ತಿಳ್ಕೋ."

ಸುಮ್ಮನಿದ್ದರೆ ಸರಿ ಇದೆಯಂತೆ! ಈ ಮಾತನ್ನು ಇಲ್ಲಿ ಯಾರೂ ಆಡಿಲ್ಲ ತಾನೇ?

ಮನೆಯಲ್ಲಿ ಹೀಗೆ ಮೂಕನಾಗಿದ್ದವನಿಗೆ ಆ ಹೋಟೆಲುಗಳಲ್ಲಿ ಎಲ್ಲಿಂದ ಮಾತು ಬರುತ್ತಿತ್ತೋ ಶಿವನೇ ಬಲ್ಲ. ಮನೆಯಲ್ಲಿ ದೋಸೆ ಹಿಟ್ಟು ಒಂದಿಷ್ಟು ಹುಳಿ ಬಂದರೆ ಮೂಗು ಮುಚ್ಚಿಕೊಳ್ಳುವವನು ಕೊರಿಯಾದವರ ಹುಳಿ ಬರಿಸಿದ ಎಲೆಕೋಸಿನ ಮುಂದೆ ಕಣ್ಣು ಮುಚ್ಚಿ, ಅದರ ವಾಸನೆ ಎಳೆದು, "ಆಹಾ, ಇದು ಸಂಸ್ಕೃತಿ" ಎನ್ನುತ್ತಿದ್ದ. ಊಟಕ್ಕೆ ಕೂತವರಿಗೆ ಅಲ್ಲಿಯ ರಿವಾಜು ಬೋಧಿಸುತ್ತಿದ್ದ. "ಹಿರಿಯರು ಚಮಚ ಎತ್ತೋ ತನಕ ಕೊರಿಯಾದಲ್ಲಿ ಯಾರೂ ಮುಟ್ಟಂಗಿಲ್ಲ, ಗೊತ್ತಾ?" ಎಂದು ಬೆರಳೆತ್ತಿ ಹೇಳುತ್ತಿದ್ದ. ಮನೆಯಲ್ಲಿ ಅವನ ದೊಡ್ಡಮ್ಮ ಬಂದು ಉಳಿದಾಗ ಆ ಮುದುಕಿ ಕೈತೊಳೆದು ಬರುವುದರೊಳಗೆ ಇವನದು ಮೂರು ರೊಟ್ಟಿ ಮುಗಿದಿರುತ್ತಿತ್ತು. ಅದು ಬೇರೆ ವಿಷಯ. ಕೊರಿಯಾದ ಹಿರಿಯರಿಗೆ ಮರ್ಯಾದೆ ಕೊಟ್ಟನಲ್ಲ, ಸಾಕು.

ಇನ್ನು ಜಪಾನಿನ ಕಡ್ಡಿಗಳು. ಎರಡು ಕಡ್ಡಿ ಹಿಡಿದು ತಿನ್ನುತ್ತಾರಲ್ಲ, ಆ ವಿದ್ಯೆಯನ್ನು ಅವನು ಅಂಗಡಿಯ ಗಲ್ಲೆಯ ಹಿಂದೆ ಕೂತು, ಹುರಿದ ಶೇಂಗಾ ಎತ್ತಿ ಎತ್ತಿ ಮೂರು ತಿಂಗಳು ಸಾಧಿಸಿದ್ದ. ಗಿರಾಕಿ ಬಾತ್ರೂಮಿನ ಟೈಲ್ಸ್ ಕೇಳಿದರೆ "ಸ್ವಲ್ಪ ತಡೀರಿ" ಎಂದು ಶೇಂಗಾದ ಕಡೆ ಬೆರಳು ತೋರಿಸುತ್ತಿದ್ದ. ಜಪ ಮಾಡುವವರೂ ಅಷ್ಟು ಏಕಾಗ್ರತೆ ಕಂಡಿರಲಿಕ್ಕಿಲ್ಲ.

ಬೆಂಗಳೂರಿನಲ್ಲಿ ಒಬ್ಬ ಜಪಾನಿ ಮುದುಕ ಚಿಕ್ಕದೊಂದು ಊಟದ ಜಾಗ ಇಟ್ಟಿದ್ದ. ಉದ್ದನೆಯ ಹಲಗೆ, ಅದರ ಮುಂದೆ ಎಂಟೇ ಕುರ್ಚಿ. ಮುದುಕ ಎದುರಿಗೇ ನಿಂತು ಮಾಡಿ ಕೈಯಾರೆ ಬಡಿಸುತ್ತಿದ್ದ. ಅಲ್ಲಿ ಕುರ್ಚಿ ಸಿಗಬೇಕಾದರೆ ಎರಡು ತಿಂಗಳು ಮೊದಲೇ ಹೇಳಿಡಬೇಕು. ಸಾಹುಕಾರ ಹೇಳಿಟ್ಟ. ತನಗೆ, ತನ್ನ ರುಚಿ ಬಳಗದ ಮೂವರು ಗೆಳೆಯರಿಗೆ. ಹಿಂದಿನ ದಿನ ಒಬ್ಬ ಗೆಳೆಯನಿಗೆ ಮಂಡಿ ಹಿಡಿದುಕೊಂಡಿತು. ಒಂದು ಕುರ್ಚಿ ಖಾಲಿ! ವ್ಯರ್ಥ ಮಾಡುವುದುಂಟೇ? ಒಳಗೆ ತಿರುಗಿ, "ಏಯ್, ನಾಳೆ ನೀನೂ ಬಾ" ಎಂದ.

ಆ ತಾಯಿ ಹಿಗ್ಗಿದಳು. ಮಂಡಿ ನೋವಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಗಂಡ ತನ್ನನ್ನು ಊಟಕ್ಕೆ ಕರೆದೊಯ್ಯುತ್ತಾನೆ ಎಂದು ರೇಷ್ಮೆ ಸೀರೆ ತೆಗೆದಳು, ಅಕ್ಕನಿಗೆ ಫೋನ್ ಮಾಡಿ ಹೇಳಿದಳು. ಕಾರಿನಲ್ಲಿ ಹೋಗುತ್ತ ಗೆಳೆಯರ ಮಾತಿನಿಂದ ನಿಜ ತಿಳಿಯಿತು. ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ದಾರಿಯುದ್ದಕ್ಕೂ ಅವನ ಪಾಠ ಸಾಗಿತ್ತು. "ಕಡ್ಡೀಲೇ ತಿನ್ಬೇಕು. ಕಡ್ಡಿಯಿಂದ ಕಡ್ಡಿಗೆ ದಾಟಿಸಂಗಿಲ್ಲ. ಅನ್ನದಾಗ ನೆಟ್ಟಗೆ ಚುಚ್ಚಂಗಿಲ್ಲ, ಸತ್ತೋರಿಗೆ ಇಟ್ಟಂಗೆ ಆಗ್ತದೆ. ಎಲ್ರ ಮುಂದೆ ನನ್ನ ಮಾನ ತೆಗೀಬೇಡ."

ಮಧ್ಯಾಹ್ನ ಒಂದು ಗಂಟೆಗೆ ಹಲಗೆಯ ಮುಂದೆ ಕೂತರು. ಮುದುಕ ತಲೆ ಬಾಗಿಸಿ ಸ್ವಾಗತಿಸಿದ. ಸಾಹುಕಾರ ಅದಕ್ಕಿಂತ ಎರಡು ಗೇಣು ಹೆಚ್ಚು ಬಾಗಿದ. ಮುದುಕ ಬೆಚ್ಚಗಿನ ಅನ್ನವನ್ನು ಅಂಗೈಯಲ್ಲಿ ಹಿತವಾಗಿ ಒತ್ತಿ, ಉದ್ದನೆಯ ಉಂಡೆ ಮಾಡಿ, ಅದರ ಮೇಲೊಂದು ಸುಟ್ಟ ಹೋಳು ಹೊದಿಸಿ ಒಬ್ಬೊಬ್ಬರ ಮುಂದೆ ಇಟ್ಟ. ಏನದು ಹೋಳು? ಹೇಳಿ ನೋಡೋಣ. ಬದನೆಕಾಯಿ!

ಸಾಹುಕಾರ ಮೊದಲು ಮೊಬೈಲಿಗೆ ನೈವೇದ್ಯ ಮಾಡಿದ. ಮೇಲಿಂದ, ಪಕ್ಕದಿಂದ, ಕೆಳಗಿಂದ. ಅನ್ನ ತಣ್ಣಗಾಯಿತು. ಮುದುಕನ ಮುಖ ಸಣ್ಣಗಾಯಿತು. ಆಮೇಲೆ ಕಡ್ಡಿಯಲ್ಲೆತ್ತಿ ಬಾಯಿಗಿಟ್ಟು, "ಅದ್ಭುತ! ಬದ್ನೆಕಾಯಿ ಅಂದ್ರೆ ಇದು! ಇಂಥ ಬದ್ನೆಕಾಯಿ ನಾನು ಹುಟ್ಟಿದ ಮೇಲೆ ತಿಂದಿಲ್ಲ" ಎಂದ.

ಪಕ್ಕದಲ್ಲಿ ಕೂತವಳು ಇದನ್ನು ಕೇಳಿಸಿಕೊಂಡಳು. ಇಪ್ಪತ್ತಾರು ವರ್ಷ ಬದನೆಕಾಯಿ ಸೀಳಿದ ಕೈ ಅದು. ಅವಳಿಗೆ ಎಷ್ಟು ಉರಿಯಿತು, ನೀವೇ ಹೇಳಿ.

ಅವಳು ಕಡ್ಡಿ ಹಿಡಿದಳು. ಜಾರಿತು. ಮತ್ತೆ ಹಿಡಿದಳು. ಹೋಳು ಒಂದು ಕಡೆ, ಉಂಡೆ ಒಂದು ಕಡೆ. ಮೂರನೆಯ ಸಲ ಉಂಡೆ ಒಡೆದು ಅಗುಳು ರೇಷ್ಮೆ ಸೀರೆಯ ಮೇಲೆ ಬಿತ್ತು. ಗೆಳೆಯರು ಕಿಸಕ್ಕೆಂದರು. ಸಾಹುಕಾರ ಹಲ್ಲು ಕಚ್ಚಿ, "ಥೂ, ಹೇಳಿರ್ಲಿಲ್ವೇನೇ? ನಿನ್ನ ಕರ್ಕೊಂಡು ಬಂದಿದ್ದೇ ತಪ್ಪಾತು" ಎಂದ. ಎಂಟು ಕುರ್ಚಿಗೂ ಕೇಳಿಸುವಂತೆ ಎಂದ.

ಆಗ ಅವಳು ಕಡ್ಡಿಗಳನ್ನು ಹಲಗೆಯ ಮೇಲೆ ಇಟ್ಟಳು. ಉಳಿದಿದ್ದ ಉಂಡೆಯನ್ನು ಕೈಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದಳು. ಸಾಹುಕಾರನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮುದುಕನ ಕಡೆ ತಿರುಗಿ ಕೈಜೋಡಿಸಿ, "ತಪ್ಪಾತು ಸ್ವಾಮಿ, ಹಳ್ಳಿ ಹೆಂಗ್ಸು, ರೀತಿ ರಿವಾಜು ತಿಳಿಯಲ್ಲ" ಎಂದ.

ಮುದುಕ ನಕ್ಕ. ಅವನು ಬೆಂಗಳೂರಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಮಾರ್ಕೆಟ್ಟಿನ ಸೊಪ್ಪಿನ ಹೆಂಗಸರ ಹತ್ತಿರ ಚೌಕಾಸಿ ಮಾಡಿ ಮಾಡಿ ಒಂದಿಷ್ಟು ಕನ್ನಡ ಕಲಿತಿದ್ದ. "ಕೈ ಸರಿ ಸರ್. ಇದು ಕೈಯಲ್ಲಿ ಮಾಡೋದು, ಕೈಯಲ್ಲಿ ತಿನ್ನೋದು. ನಮ್ಮ ಅಪ್ಪ ಕೈ, ನಾನು ಕೈ. ಕಡ್ಡೀನೂ ತಪ್ಪಲ್ಲ. ಆದ್ರೆ ಅಮ್ಮ ತಿಂದ್ರಲ್ಲ, ಅದು ಹಳೇ ರೀತಿ" ಎಂದು ತಾನೂ ಒಂದು ಉಂಡೆ ಮಾಡಿ, ಕೈಯಲ್ಲೇ ಎತ್ತಿ ತಿಂದು ತೋರಿಸಿದ.

ನೋಡಿದಿರಾ? ಮೂರು ತಿಂಗಳ ಶೇಂಗಾ ನೀರುಪಾಲಾಯಿತು! ಗೆಳೆಯರಿಬ್ಬರೂ ಮೆಲ್ಲಗೆ ಕಡ್ಡಿ ಕೆಳಗಿಟ್ಟು ಬೆರಳು ಮುಂದೆ ಮಾಡಿದರು. ಸಾಹುಕಾರ ಮಾತ್ರ ಬಿಡಲಿಲ್ಲ. ಕೊನೆಯ ಉಂಡೆಯ ತನಕ ಕಡ್ಡಿಯಲ್ಲೇ ತಿಂದ.

ಮುದುಕ ಆ ತಾಯಿಯನ್ನು ಕೇಳಿದ, "ಅಮ್ಮ, ಹೆಸರು?"

ಮನೆಯಲ್ಲಿ ಅವಳು "ಏಯ್", ಊರಿಗೆ "ಸಾಹುಕಾರರ ಮನೆಯವರು". "ನೀಲಾಂಬಿಕೆ" ಎಂದಳು. "ಬದ್ನೆಕಾಯಿ ಹದವಾಗಿ ಸುಟ್ಟೀರಿ. ತೊಟ್ಟಿನ ಕಡೆ ಇನ್ನೊಂದೀಟು ಬೇಯ್ಬೇಕಿತ್ತು."

ಮುದುಕ ಹೋಳು ಮುರಿದು ನೋಡಿದ. "ಹೌದು. ಅಮ್ಮ ಅಡುಗೆ ಮಾಡ್ತಾರೆ" ಎಂದು ಅವಳಿಗೆ ತಲೆ ಬಾಗಿಸಿದ.

ಊಟ ಮುಗಿಯಿತು. ಸಾಹುಕಾರ ಎದ್ದು ನಿಂತು, ಹೋದ ಮಾನ ತಿರುಗಿ ತರಲು, ಅಂಗೈ ಜೋಡಿಸಿ, ಸೊಂಟ ಬಗ್ಗಿಸಿ, ಜಪಾನಿ ಭಾಷೆಯಲ್ಲಿ ಒಂದು ಉದ್ದದ ಮಾತು ಹೇಳಿದ. ಕಂಠಪಾಠ ಮಾಡಿದ್ದು. ಹೆಂಡತಿ ಮೆಲ್ಲಗೆ, "ಹಂಗಂದ್ರೇನ್ರೀ?" ಎಂದಳು.

"ಅದು ಅಲ್ಲಿಯ ಪದ್ಧತಿ. ಉಂಡ ಮೇಲೆ ಹೇಳ್ಬೇಕು. ಊಟಕ್ಕೆ ಥ್ಯಾಂಕ್ಸ್ ಅಂತ."

ಮುದುಕ ಬಟ್ಟೆಯಿಂದ ಹಲಗೆ ಒರೆಸುತ್ತ, "ಊಟಕ್ಕೆ ಅಲ್ಲ ಸರ್, ಓಡಾಟಕ್ಕೆ" ಎಂದ. "ಹಳೇ ಕಾಲ. ನೆಂಟ ಬಂದ. ಮನೆಯವರು ಓಡ್ತಾರೆ. ತರಕಾರಿಗೆ ಓಡು, ನೀರಿಗೆ ಓಡು, ಸೌದೆಗೆ ಓಡು. ನನಗೋಸ್ಕರ ಇಷ್ಟು ಓಡಾಡಿದಿರಿ, ಅಂತ ಹೇಳೋದು. ಹೋಟೆಲಿನಲ್ಲಿ ಹೇಳ್ತೀವಿ. ಮೊದಲು ಮನೇಲಿ ಹೇಳ್ತೀವಿ. ದಿನಾ."

ದಿನಾ! ಆ ತಾಯಿ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡಂತೆ ಕೂತಳು. ತಿರುಗಿ ಬರುವಾಗ ದಾರಿಯಲ್ಲಿ ಗಂಡ ಊಟದ ಜೊತೆ ಕೊಟ್ಟಿದ್ದ ಉಪ್ಪಿನಕಾಯಿ ಶುಂಠಿಯ ಬಗ್ಗೆ ಒಂದು ತಾಸು ಮಾತಾಡಿದ. ಅವಳು ಕಾಯುತ್ತಿದ್ದಳು. ಅರ್ಥವನ್ನು ಕಿವಿಯಾರೆ ಕೇಳಿದ್ದಾನೆ, ಇವತ್ತಲ್ಲದಿದ್ದರೆ ನಾಳೆ ಹೇಳಿಯಾನು ಎಂದು ಕಾಯುತ್ತಿದ್ದಳು. ಅವಳ ಆಸೆ ನೋಡಿ!

ಮರುದಿನ ಮಧ್ಯಾಹ್ನ ಬಿಸಿ ರೊಟ್ಟಿ ತಟ್ಟಿದಳು, ಶೇಂಗಾ ಎಳ್ಳು ಹುರಿದು ಮಸಾಲೆ ತುಂಬಿ ಎಣ್ಣೆಗಾಯಿ ಮಾಡಿದಳು. ಬೇಕೆಂದೇ ಬದನೆಕಾಯಿ ಮಾಡಿದಳು. ಸಾಹುಕಾರ ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡು ಕೂತ. ನಿನ್ನೆಯ ಬದನೆಕಾಯಿಯ ಫೋಟೋಕ್ಕೆ ಎಷ್ಟು ಜನ ಭಲೆ ಎಂದರು ಎಂದು ನೋಡುತ್ತ ಇವತ್ತಿನ ಬದನೆಕಾಯಿ ತಿಂದ. ಅವಳು ಸೌಟು ಹಿಡಿದು ನಿಂತಿದ್ದಳು. ಎರಡು ರೊಟ್ಟಿ ಆಯಿತು, ಮೂರಾಯಿತು. ತಲೆಯೆತ್ತದೆಯೇ ಅವನು ಬಾಯಿ ಬಿಟ್ಟ.

"ಉಪ್ಪು ಒಂದೀಟು ಮುಂದೈತೆ."

ನೀಲಾಂಬಿಕೆ ಸೌಟನ್ನು ಕೆಳಗಿಟ್ಟಳು. ಒಂದು ತಟ್ಟೆ ತಂದಳು. ಆ ಮನೆಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ, ಅವನು ಏಳುವ ಮೊದಲು, ಅವನೆದುರಿಗೇ ಊಟಕ್ಕೆ ಕೂತಳು. ಅವನು ನಾಲ್ಕನೆಯ ರೊಟ್ಟಿಗೆ ಕೈ ಚಾಚಿದ. ಬಡಿಸುವವರು ಯಾರೂ ಇರಲಿಲ್ಲ. ಅವಳು ಅವಸರವಿಲ್ಲದೆ, ರುಚಿ ನೋಡಿ ನೋಡಿ ಉಂಡಳು. ಕೊನೆಯ ತುತ್ತಿನಿಂದ ತಟ್ಟೆ ಒರೆಸಿದಳು. ಆಮೇಲೆ ಎರಡೂ ಕೈ ಜೋಡಿಸಿ, ಆ ಮುದುಕ ಬಾಗಿದಂತೆಯೇ ತಲೆ ಬಾಗಿಸಿ, ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು.

"ನೀಲಾಂಬಿಕೆ, ನನಗೋಸ್ಕರ ಭಾಳ ಓಡಾಡಿದೆ ಅವ್ವ. ಊಟ ಚೆನ್ನಾಗಿತ್ತು."

ಎದ್ದು ಕೈತೊಳೆಯಲು ಹೋದಳು.

ಯಾಕೆ, ಈಗ ಯಾರೂ ನಗುತ್ತಿಲ್ಲ? ಸೌತೆಕಾಯಿಗೆ ನಕ್ಕಿರಿ, ಶೇಂಗಾಕ್ಕೆ ನಕ್ಕಿರಿ. ಅವನು ಜಪಾನಿನ ಊಟಕ್ಕೆ ಬೆಂಗಳೂರಿಗೆ ಹೋದ, ನೀವು ಬೈಪಾಸಿನ ಡಾಬಾಕ್ಕೆ ಹೋಗುತ್ತೀರಿ. ಅಷ್ಟೇ ವ್ಯತ್ಯಾಸ. ಡಾಬಾದ ಹುಡುಗನಿಗೆ "ಭಾರೀ ಐತಪ್ಪ ನಿಮ್ದು ದಾಲು" ಎನ್ನುವ ನಾಲಿಗೆ ಮನೆಯ ಹೊಸ್ತಿಲು ದಾಟಿದ ಕೂಡಲೇ ಯಾಕೆ ಅಂಟಿಕೊಳ್ಳುತ್ತದೆ? ಅಲ್ಲಿ ಬಿಲ್ಲಿನ ಜೊತೆ ನಗೆಯನ್ನೂ ಕೊಟ್ಟು ಬರುತ್ತೀರಿ, ಇಲ್ಲಿ ಬಿಲ್ಲಿಲ್ಲ ಎಂದು ನಗೆಯನ್ನೂ ಉಳಿಸಿಕೊಳ್ಳುತ್ತೀರಾ? ತಾಯಂದಿರೇ, ನೀವೂ ಸೆರಗಿನಲ್ಲಿ ಬಾಯಿ ಮುಚ್ಚಿ ಗಂಡಸರ ಕಡೆ ನೋಡಬೇಡಿ. ಸೊಸೆ ಮಾಡಿದ ಸಾರಿಗೆ ನೀವು ಕೊನೆಯ ಸಲ ಒಳ್ಳೆಯ ಮಾತಾಡಿದ್ದು ಯಾವಾಗ?

ನನ್ನನ್ನೂ ಬಿಡಬೇಡಿ. ಈ ಮಂಟಪದಲ್ಲಿ ನಾನು ಒಂಬತ್ತು ಶ್ರಾವಣ ಮಾತಾಡಿದ್ದೇನೆ, ಒಂಬತ್ತು ಶ್ರಾವಣ ಇಲ್ಲಿಯ ಪ್ರಸಾದ ಉಂಡಿದ್ದೇನೆ. ಹಿಂದೆ ಅಡುಗೆಮನೆಯಲ್ಲಿ ಬೆಳಗಿನಿಂದ ಪಾತ್ರೆಯ ಸದ್ದು ಕೇಳುತ್ತಿದೆಯಲ್ಲ, ಅಲ್ಲಿ ಸಾರು ಕಾಯಿಸುವ ತಾಯಿಯ ಹೆಸರು ಕಾಳಮ್ಮ ಎಂದು ನನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ಕೇಳಿದ್ದೇ ಇವತ್ತು. ಒಂಬತ್ತು ವರ್ಷ ಅನ್ನದಾನದ ಮಹಿಮೆ ಹೇಳಿದವನು ನಾನು! ನಾಚಿಕೆಯಾಯಿತು.

ಆ ಸಾಹುಕಾರ ಆಮೇಲೆ ಏನಂದ ಎಂದು ಕೇಳುತ್ತೀರಿ, ಗೊತ್ತು. ಅದನ್ನು ನಾನು ಹೇಳುವುದಿಲ್ಲ, ಇವತ್ತು ನಿಮ್ಮ ನಿಮ್ಮ ಮನೆಯಲ್ಲಿ ನೀವೇ ಹೇಳಬೇಕು. ಉಂಡಾದ ಮೇಲೆ ಕೈತೊಳೆಯಲು ಹೋಗುವ ಮೊದಲು ಅಡುಗೆಮನೆಯ ಬಾಗಿಲಿಗೆ ಹೋಗಿ. ಮಾಡಿದವರನ್ನು ಹೆಸರು ಹಿಡಿದು ಕರೆಯಿರಿ. ಏನು ಚೆನ್ನಾಗಿತ್ತು ಎಂದು ಹೇಳಿ. ಊಟದ ಹೊತ್ತು ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಬಡಿಸುವವರಿಗೂ ಒಂದು ತಟ್ಟೆ ನೀವೇ ಹಾಕಿ. ಉಪ್ಪಿನ ಮಾತು ಇದ್ದರೆ ಅದನ್ನು ಆಮೇಲೆ ಆಡಿ, ಉಪ್ಪು ಎಲ್ಲಿಗೂ ಓಡಿಹೋಗುವುದಿಲ್ಲ.

ಈಗ ಪ್ರಸಾದದ ಹೊತ್ತು. ಎಲ್ಲರೂ ಏಳಿ. ಉಂಡ ಮೇಲೆ ಕೈತೊಳೆಯುವ ನಲ್ಲಿ ಎಡಗಡೆಗಿದೆ, ಕಾಳಮ್ಮ ಬಲಗಡೆಗಿದ್ದಾಳೆ. ಮೊದಲು ಬಲಗಡೆಗೆ ಹೋಗಿ.