ಗೌನಿನ ಅಳತೆ

ಸರ್ಕಾರಿ ವಕೀಲರಿಗೆ ನ್ಯಾಯಾಧೀಶರ ಪದವಿ ಸಿಕ್ಕಿತ್ತು. ಹೊಸ ಗೌನಿಗೆಂದು ದರ್ಜಿ ಅವರ ಎರಡೂ ಕೈ ಚಾಚಿಸಿ ಅಳತೆ ಹಿಡಿದಿದ್ದ. ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಅವರ ಬಾಮೈದ ಪೇಪರ್ ಮಡಚಿಟ್ಟ.

“ಆ ಮೂರು ಜನ ಪೇದೆಗಳಿಗೆ ಜೈಲಾಯ್ತಂತೆ, ಭಾವ.”

“ಆಗ್ಲಿ ಬಿಡು. ಕೈದಿ ಸತ್ತನಲ್ಲ. ಮಾಡಿದ್ದುಣ್ಣೋ ಮಹರಾಯ.”

“ನಲವತ್ತು ಗಂಟೆ ಕೈ ಎತ್ತಿಸಿ ನಿಲ್ಲಿಸಿದ್ರೆ ಅದು ಹಿಂಸೆ ಅಲ್ಲ ಅಂತ ಬರ್ಕೊಟ್ಟೋರು ನೀವಲ್ವಾ?”

“ಮೇಲಿನೋರು ಕೇಳಿದ್ರು, ಬರ್ಕೊಟ್ಟೆ. ನಾನೇನು ಅವನ ಮೈ ಮುಟ್ಟಿದ್ನಾ? ಅಭಿಪ್ರಾಯ ಬರೆದೋರ ಮೇಲೂ ಕೇಸ್ ಹಾಕ್ತಾ ಹೋದ್ರೆ ವಕೀಲಿಕೆ ನಡೆದ ಹಾಗೇ!”

“ನಿಮ್ಮ ಸಹಿ ನೋಡ್ಕೊಂಡೇ ಅವರು ನಿಲ್ಲಿಸಿದ್ದು. ಮೊದಲನೇ ಆರೋಪಿ ನೀವಾಗ್ಬೇಕಿತ್ತು. ಥೂ! ಅಕ್ಕ ಅದು ಹೇಗೆ ನಿಮಗೆ ಅನ್ನ ಬಡಿಸ್ತಾಳೋ!”

ವಕೀಲರು ದರ್ಜಿಯ ಮೇಲೆ ಹರಿಹಾಯ್ದರು. “ಎಷ್ಟು ಹೊತ್ತಯ್ಯಾ ಹೀಗೇ ನಿಲ್ಲಿಸ್ತೀಯ? ತೋಳು ಬಿದ್ದುಹೋಗ್ತಿದೆ!”

“ಇನ್ನೂ ಎರಡು ನಿಮಿಷ ಆಗಿಲ್ಲ, ಸ್ವಾಮಿ.”

ಬಾಮೈದ ತಿರುಗಿಯೂ ನೋಡದೆ ಮೆಟ್ಟಿಲಿಳಿದ. ವಕೀಲರು ತೋಳು ನೀವಿಕೊಳ್ಳುತ್ತ ಅವನ ಹಿಂದೆ ಹೋದರು.

ಮೂವತ್ತು ವರ್ಷದ ರೂಢಿಯಂತೆ ಟೇಪನ್ನು ಕೊರಳಿಗೆ ಹಾಕಿಕೊಳ್ಳಲು ಹೋದ ದರ್ಜಿ ಅರ್ಧಕ್ಕೇ ನಿಂತ. ಸತ್ತ ಇಲಿಯ ಬಾಲ ಹಿಡಿದ ಹಾಗೆ ಅದನ್ನು ಎರಡೇ ಬೆರಳಲ್ಲಿ ಹಿಡಿದು, ನಲ್ಲಿಯ ಕಡೆ ನಡೆದ.