ಕಟ್ಟಿನ ಬಾಗಿಲು

ಕುಮಟೆಯ ಹೊಳೆಯಂಚಿನ ಭತ್ತದ ಗಜನಿಗದ್ದೆಗಳಿಗೆ ಉಪ್ಪುನೀರು ಬಿಟ್ಟು ಸಿಗಡಿ ಸಾಕುತ್ತಿದ್ದ ಗುತ್ತಿಗೆದಾರನ ಕೈಯಿಂದ ಆ ನೀರನ್ನು ಬಿಡುವ, ತಡೆಯುವ ಹೊಳೆಕಟ್ಟಿನ ಹಲಗೆಬಾಗಿಲನ್ನು ಬಿಡಿಸಿಕೊಂಡವರು ಸರೋಜಮ್ಮ. ಊರ ಹೆಂಗಸರೊಡನೆ ಕಟ್ಟಿನ ಮೇಲೆಯೇ ಗಂಜಿ ಬೇಯಿಸಿಕೊಂಡು ಕೂತು ಗೆದ್ದದ್ದು. ಮೂವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಹೊನ್ನಾವರದ ಬಸ್ ನಿಲ್ದಾಣದಲ್ಲಿ ಅವರು ಕಾನೂನು ಓದುವ ಮೊಮ್ಮಗಳು ಅಂಕಿತಾಳ ಪಾಠ ಕೇಳುತ್ತಿದ್ದುದು ಪಕ್ಕದ ಬೆಂಚಿಗೂ ಕೇಳಿಸಿತು.

"ಪರದೇಶದ ಸೈನ್ಯ ಊರು ಬಿಟ್ಟು ಹೋತು ಅಂತ ಇಟ್ಕ ಅಜ್ಜಿ. ಆದ್ರೆ ಗಡಿ, ಸಮುದ್ರ, ಆಕಾಶ ಎಲ್ಲ ಅವರದೇ ಹಿಡಿತ."

"ಒಳಗಿದ್ದವ್ರು ಹೊರಗೆ ಬರೂದು ಹೆಂಗೆ?"

"ಅವರು ಬಿಟ್ರೆ ಉಂಟು."

"ಔಷಧಿಗೂ?"

"ಔಷಧಿಗೂ, ಅಕ್ಕಿಗೂ."

"ಅಯ್ಯೋ ದೇವರೇ! ಹಂಗಾರೆ ಅವರು ಬಿಟ್ಟು ಹೋದದ್ದು ಎಂತದೇ?"

"ಅದೇ ವಾದ ನೋಡು. ಸೈನಿಕರು ಒಳಗಿಲ್ಲದಿದ್ರೂ, ಹಿಡಿತ ಇದ್ದಷ್ಟು ಹೊಣೆ ಅವರದ್ದೇ ಅಂತದೆ ಕಾನೂನು."

ಸರೋಜಮ್ಮನ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಅಲ್ಲೇ ನಿಂತಿತು.

"ನಿನ್ನ ಅಪ್ಪ ಸಂಜೆ ಸಹಿ ಹಾಕೂದು ಎಂತಕ್ಕೆ?"

"ಹಲಗೆಬಾಗಿಲು ಮಾತ್ರ ಸಿಗಡಿಯವ್ರಿಗೆ ಬಿಟ್ಕೊಡೂಕೆ. ಗದ್ದೆ ನಮ್ದೇ..."

"ಗದ್ದೆ ನಮ್ದೇ ಉಳೀತದೆ ಅಂದ. ನಾನೂ ಬೆಳಿಗ್ಗೆ ಹೂಂ ಅಂದ್ನಲ್ಲೇ, ಮಗಾ!"

ಕುಮಟೆಯ ಬಸ್ಸು ಬಂತು.

"ಏಳು, ಅವನು ಸಹಿ ಹಾಕೂದ್ರೊಳಗೆ ಮುಟ್ಬೇಕು."

ಅಂಕಿತಾ ಚೀಲವನ್ನೆತ್ತಿ ಅಜ್ಜಿಯ ತೋಳು ಹಿಡಿದಳು.

"ಅವತ್ತು ಬಾಗಿಲು ಬಿಡಿಸ್ಕಂಡದ್ದು ಹೆಂಗೆ, ಬಸ್ಸಲ್ಲಿ ಇನ್ನೊಂದ್ಸಲ ಹೇಳಜ್ಜಿ. ಅಪ್ಪನ ಎದುರಿಗೆ ನಂಗೂ ಹೇಳೂಕೆ ಬೇಕು."